ಟೂಲ್ ಟ್ರಾಲಿ: ಸಲಕರಣೆಗಳಿಗೊಂದು ಚಲಿಸುವ ನೆಲೆ

ಮಹಾನಗರದ ನಮ್ಮ ಮನೆಗಳಲ್ಲಿ ಪುಸ್ತಕಗಳಿಗೆ ಕಪಾಟಿದೆ, ಪಾತ್ರೆಗಳಿಗೆ ಹಲಗೆಯಿದೆ, ಬಟ್ಟೆಬರೆಗಳಿಗೆ ಬೀರು ಇದೆ. ಆದರೆ ಸುತ್ತಿಗೆ, ಇಕ್ಕಳ, ಪಾನಾ, ಸ್ಕ್ರೂ ಡ್ರೈವರ್ ಮೊದಲಾದ ಸಲಕರಣೆಗಳಿಗೆ ನಿಶ್ಚಿತವಾದ ನೆಲೆಯೆಂಬುದು ಇರುವುದಿಲ್ಲ. ಕೆಲವು ಅಡುಗೆಮನೆಯ ಮೂಲೆಯಲ್ಲಿ, ಕೆಲವು ಬಾಲ್ಕನಿಯ ಹಳೆಯ ಬಕೆಟ್ಟಿನಲ್ಲಿ, ಉಳಿದವು ಸ್ನಾನಗೃಹದ ಮೇಲಿನ ಅಟ್ಟದಲ್ಲಿ ಇರುತ್ತವೆ. ಬೇಕಾದಾಗ ಬೇಕಾದ ವಸ್ತು ಸಿಗುವುದಿಲ್ಲ. ಸಿಕ್ಕಿದಾಗ ಕೆಲಸದವನು ಬಂದು ಹೋಗಿರುತ್ತಾನೆ.

ಈ ವಿಷಯವನ್ನು ಕುರಿತು ಬರೆಯಲು ನನಗೊಂದು ಕಾರಣವಿದೆ. ನನ್ನ ಮಾವನವರು ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದವರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ತರುವಾಯ ಆ ಕೆಲಸ ಹೋಯಿತು. ಅಲ್ಲಿಂದ ಮುಂದೆ ತಮ್ಮ ಕಬ್ಬಿಣದ ಪೆಟ್ಟಿಗೆಯೊಂದನ್ನೇ ನಂಬಿ, ಹೋಟೆಲುಗಳ ಗ್ರೈಂಡರು, ಪಂಪುಗಳನ್ನು ದುರಸ್ತಿ ಮಾಡುತ್ತ ಸಂಸಾರವನ್ನು ದಡ ಸೇರಿಸಿದರು. ವಿಶ್ರಾಂತಿಯ ದಿನಗಳಲ್ಲಿ ಆ ಪೆಟ್ಟಿಗೆ ಅಟ್ಟವನ್ನೇರಿತು. ಮೂರು ವರ್ಷಗಳ ಹಿಂದೆ, ತಮ್ಮ 74ನೆಯ ವಯಸ್ಸಿನಲ್ಲಿ, ಸೋರುವ ನಲ್ಲಿಯೊಂದರ ವಾಷರ್ ಬದಲಿಸಲೆಂದು ಅವರು ಸ್ಟೂಲಿನ ಮೇಲೆ ನಿಂತು ಅದನ್ನು ಇಳಿಸಲು ಹೋಗಿ, ಪೆಟ್ಟಿಗೆಯೊಡನೆ ಕೆಳಗೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅವರು ಆಸ್ಪತ್ರೆಯಲ್ಲಿದ್ದಾಗ ನಾನು ಆ ಪೆಟ್ಟಿಗೆಯನ್ನು ತೂಗಿಸಿ ನೋಡಿದೆ: 22 ಕಿಲೋ. ಅವರಿಗೆ ಅಂದು ಬೇಕಾಗಿದ್ದುದು ಕಾಲು ಕಿಲೋ ತೂಕದ ಒಂದು ಪಾನಾ ಮಾತ್ರ.

ಈ ಘಟನೆಯ ನಂತರ ನಮ್ಮ ಮನೆಗೆ ಬಂದುದೇ ಟೂಲ್ ಟ್ರಾಲಿ, ಅಂದರೆ ಚಕ್ರಗಳ ಮೇಲೆ ಚಲಿಸುವ ಸಲಕರಣೆಗಳ ಕಪಾಟು. ಅದನ್ನು ಕೊಳ್ಳುವ ಮುನ್ನ ನಾನು ಓದಿ, ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿ ಕೊಟ್ಟಿದ್ದೇನೆ.

ಏನಿದು ಟೂಲ್ ಟ್ರಾಲಿ?

ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು, ಅದರಲ್ಲಿ ಒಂದರ ಕೆಳಗೊಂದರಂತೆ ತಟ್ಟೆಗಳು ಅಥವಾ ಡ್ರಾಯರುಗಳು, ತಳದಲ್ಲಿ ನಾಲ್ಕು ಚಕ್ರಗಳು, ತಳ್ಳಲು ಒಂದು ಹಿಡಿ: ಇಷ್ಟಿದ್ದರೆ ಅದು ಟೂಲ್ ಟ್ರಾಲಿ. ಇದರ ಉದ್ದೇಶ ಎರಡು. ಮೊದಲನೆಯದು, ಭಾರವನ್ನು ಎತ್ತದೆ ಸಾಗಿಸುವುದು. ಎರಡನೆಯದು, ಪ್ರತಿಯೊಂದು ಸಲಕರಣೆಗೂ ಗೊತ್ತಾದ ಒಂದು ಸ್ಥಳವನ್ನು ಕೊಡುವುದು. ಮೊದಲನೆಯದನ್ನು ಚಕ್ರಗಳು ಮಾಡುತ್ತವೆ. ಎರಡನೆಯದನ್ನು ಮಾತ್ರ ಮನೆಯವರೇ ಮಾಡಬೇಕಾಗುತ್ತದೆ.

ಗ್ಯಾರೇಜು ಎಂಬ ಪದದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಗ್ಯಾರೇಜು ಎಂದರೆ ವಾಹನ ದುರಸ್ತಿಯ ಅಂಗಡಿ. ಅಮೆರಿಕದಲ್ಲಿ ಅದು ಬಹುತೇಕ ಮನೆಗೆ ಹೊಂದಿಕೊಂಡಿರುವ ಕಾರಿನ ಕೋಣೆ. ಕಾರಿನೊಡನೆ ಹುಲ್ಲು ಕತ್ತರಿಸುವ ಯಂತ್ರ, ಮರಗೆಲಸದ ಮೇಜು, ಸೈಕಲ್ಲುಗಳು ಎಲ್ಲವೂ ಅಲ್ಲಿಯೇ ಇರುತ್ತವೆ. ಕಾರನ್ನು ಒಳಗೆ ತಂದಾಗ ಉಳಿದುದನ್ನು ಗೋಡೆಗೆ ಸರಿಸಬೇಕು, ಕಾರು ಹೊರಗೆ ಹೋದಾಗ ಮತ್ತೆ ಮಧ್ಯಕ್ಕೆ ತರಬೇಕು. ಚಕ್ರವಿರುವ ಕಪಾಟು ಅಲ್ಲಿನ ಮನೆಗಳಲ್ಲಿ ಬೇರೂರಲು ಈ ಅನುಕೂಲವೂ ಒಂದು ಕಾರಣ.

ಹುಟ್ಟು ಮತ್ತು ಬೆಳವಣಿಗೆ

ಬಡಗಿಯ ಮರದ ಪೆಟ್ಟಿಗೆ ಎಲ್ಲ ದೇಶಗಳಲ್ಲಿಯೂ ಹಳೆಯದು. ಯಂತ್ರಯುಗ ಬಂದ ಮೇಲೆ ಸೂಕ್ಷ್ಮ ಅಳತೆಯ ಸಾಧನಗಳನ್ನು ಕಾಪಾಡಲು ಸಣ್ಣಸಣ್ಣ ಡ್ರಾಯರುಗಳ ಪೆಟ್ಟಿಗೆಗಳು ಬೇಕಾದವು. ಅಮೆರಿಕದ ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ 1906ರಲ್ಲಿ ಆರಂಭವಾದ ಗರ್ಸ್ಟ್‌ನರ್ ಸಂಸ್ಥೆ ಇಂತಹ ಮರದ ಪೆಟ್ಟಿಗೆಗಳಿಗೆ ಹೆಸರಾಯಿತು.

ಮೋಟಾರು ವಾಹನಗಳು ಹೆಚ್ಚಿದಂತೆ ಸಲಕರಣೆಗಳ ಸಂಖ್ಯೆಯೂ ಬೆಳೆಯಿತು. ಒಂದೊಂದು ಅಳತೆಯ ನಟ್ಟಿಗೂ ಒಂದೊಂದು ಪಾನಾ ಹೊತ್ತೊಯ್ಯುವುದು ಕಷ್ಟವಾಯಿತು. 1920ರಲ್ಲಿ ಮಿಲ್ವಾಕಿ ನಗರದ ಜೋಸೆಫ್ ಜಾನ್ಸನ್ ಮತ್ತು ವಿಲಿಯಂ ಸೀಡ್‌ಮನ್ ಎಂಬವರು ಸ್ನ್ಯಾಪ್-ಆನ್ ಸಂಸ್ಥೆಯನ್ನು ಹುಟ್ಟುಹಾಕಿದರು. ಅವರದು ಸರಳವಾದ ಲೆಕ್ಕ: 5 ಹಿಡಿಗಳು, ಅವುಗಳಿಗೆ ಕೂಡಿಸಿ ಬಿಡಿಸಬಹುದಾದ 10 ಸಾಕೆಟ್ಟುಗಳು, ಯಾವ ಹಿಡಿಗೆ ಯಾವ ಸಾಕೆಟ್ಟನ್ನಾದರೂ ಜೋಡಿಸಿದರೆ 50 ಸಲಕರಣೆಗಳ ಕೆಲಸ. 1927ರಲ್ಲಿ ಸಿಯರ್ಸ್ ಎಂಬ ಬೃಹತ್ ವ್ಯಾಪಾರ ಸಂಸ್ಥೆ ಕ್ರಾಫ್ಟ್ಸ್‌ಮನ್ ಎಂಬ ಹೆಸರನ್ನು ತನ್ನದಾಗಿಸಿಕೊಂಡು, ಸಲಕರಣೆಗಳನ್ನೂ ಅವುಗಳ ಪೆಟ್ಟಿಗೆಗಳನ್ನೂ ಸಾಮಾನ್ಯ ಗೃಹಸ್ಥನ ಮನೆಗೆ ತಲುಪಿಸಿತು. 2017ರಲ್ಲಿ ಈ ಹೆಸರು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆಯ ಪಾಲಾಯಿತು.

ಅಮೆರಿಕದ ಮೆಕ್ಯಾನಿಕ್ಕನು ಸಾಮಾನ್ಯವಾಗಿ ತನ್ನ ಸಲಕರಣೆಗಳನ್ನು ತಾನೇ ಹಣ ಕೊಟ್ಟು ಕೊಳ್ಳುತ್ತಾನೆ. ಅವು ಗ್ಯಾರೇಜಿನ ಒಡೆಯನವಲ್ಲ. ಕೆಲಸ ಬಿಟ್ಟು ಇನ್ನೊಂದೆಡೆ ಹೋಗುವಾಗ ಅವನ ಆಸ್ತಿಯೆಲ್ಲವೂ ಅವನೊಡನೆ ಹೋಗಬೇಕು. ಅಲ್ಲಿ ಟ್ರಾಲಿಗಳು ಭಾರಿಯಾಗಿ, ಬೀಗಸಹಿತವಾಗಿ, ಒಡೆಯನ ಅಭಿಮಾನದ ವಸ್ತುವಾಗಿ ಬೆಳೆದುದರ ಮರ್ಮ ಇದರಲ್ಲಿದೆ. ನನ್ನ ಮಾವನವರ ಕಬ್ಬಿಣದ ಪೆಟ್ಟಿಗೆಯೂ ಗಿರಣಿ ಮುಚ್ಚಿದ ಮೇಲೆ ಅಂತಹುದೇ ಸ್ವಂತ ಆಸ್ತಿಯಾಗಿತ್ತು, ಚಕ್ರವೊಂದಿರಲಿಲ್ಲ ಅಷ್ಟೆ.

ವಿಧಗಳು

ಪೇಟೆಯಲ್ಲಿ ದೊರೆಯುವ ಟ್ರಾಲಿಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ತೆರೆದ ತಟ್ಟೆಗಳ ಟ್ರಾಲಿ: ಎರಡು ಅಥವಾ ಮೂರು ತಟ್ಟೆಗಳು ಮಾತ್ರ ಇರುತ್ತವೆ. ಬೆಲೆ ಕಡಿಮೆ, ತೂಕವೂ ಕಡಿಮೆ. ಎಲ್ಲವೂ ಕಣ್ಣಿಗೆ ಕಾಣುತ್ತದೆ. ಆದರೆ ಧೂಳು ಬೀಳುತ್ತದೆ, ಮಕ್ಕಳ ಕೈಗೂ ಸುಲಭವಾಗಿ ಎಟಕುತ್ತದೆ.

2. ಡ್ರಾಯರ್ ಟ್ರಾಲಿ: ಮೇಲೆ ಒಂದು ತಟ್ಟೆ, ಕೆಳಗೆ ಮೂರರಿಂದ ಏಳು ಡ್ರಾಯರುಗಳು, ಎಲ್ಲಕ್ಕೂ ಸೇರಿ ಒಂದು ಬೀಗ. ಗ್ಯಾರೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ.

3. ಜೋಡಿ ಕಪಾಟು: ಕೆಳಗೆ ಚಕ್ರವಿರುವ ಕಪಾಟು, ಅದರ ಮೇಲೆ ಇರಿಸಿದ ಮತ್ತೊಂದು ಪೆಟ್ಟಿಗೆ. ದೊಡ್ಡ ಕಾರ್ಯಾಗಾರಗಳಿಗೆ ಯೋಗ್ಯವಾದುದು. ಫ್ಲ್ಯಾಟುಗಳಿಗೆ ಇದು ಅತಿ ಎತ್ತರ, ಅತಿ ಭಾರ.

4. ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಪೆಟ್ಟಿಗೆಗಳು: ಪ್ರವಾಸದ ಸೂಟ್‌ಕೇಸಿನಂತೆ ಹಿಡಿಯನ್ನು ಮೇಲೆಳೆದು, ಎರಡು ಚಕ್ರಗಳ ಮೇಲೆ ಓರೆಯಾಗಿ ಎಳೆದೊಯ್ಯಬಹುದು. ಮನೆಯಿಂದ ಮನೆಗೆ ಹೋಗಿ ದುಡಿಯುವ ಇಲೆಕ್ಟ್ರಿಷಿಯನ್, ಪ್ಲಂಬರುಗಳಿಗೆ ಅನುಕೂಲ.

ಇವಲ್ಲದೆ ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಕಬ್ಬಿಣ ಮತ್ತು ತಗಡಿನಿಂದ ಮಾಡಿಸಿಕೊಳ್ಳುವುದೂ ಉಂಟು. ನಮ್ಮ ಜಾಗದ ಅಳತೆಗೆ ಸರಿಯಾಗಿ ಮಾಡಿಸಬಹುದೆಂಬುದು ಇದರ ಗುಣ. ತಗಡಿನ ಅಂಚುಗಳನ್ನು ಅರದಿಂದ ಉಜ್ಜಿಸಿ ನಯಗೊಳಿಸದಿದ್ದರೆ ಕೈ ಕೊಯ್ಯುತ್ತದೆಂಬುದು ದೋಷ.

ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

ತಗಡು: ತಗಡಿನ ದಪ್ಪವನ್ನು ಅಂಗಡಿಯವರು ಗೇಜಿನಲ್ಲಿ ಹೇಳುತ್ತಾರೆ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆಂಬುದನ್ನು ನೆನಪಿಡಬೇಕು. 18 ಗೇಜು ಎಂದರೆ ಸುಮಾರು 1.2 ಮಿಲಿಮೀಟರ್, 20 ಗೇಜು ಎಂದರೆ 0.9, 22 ಗೇಜು ಎಂದರೆ 0.7 ಮಿಲಿಮೀಟರ್. ಮನೆಯ ಬಳಕೆಗೆ 20 ಗೇಜು ಸಾಕು. ತಟ್ಟೆಯ ಮಧ್ಯಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗೆ ಹೋಗಿ ಶಬ್ದದೊಡನೆ ಹೊರಬಂದರೆ ಆ ತಟ್ಟೆ ಭಾರ ತಾಳಲಾರದು.

ಚಕ್ರಗಳು: ಸಾಮಾನ್ಯ ಕ್ರಮದಲ್ಲಿ ಎರಡು ಚಕ್ರಗಳು ನೇರವಾಗಿ ಮಾತ್ರ ಉರುಳುತ್ತವೆ, ಇನ್ನೆರಡು ಎಲ್ಲ ದಿಕ್ಕಿಗೂ ತಿರುಗುತ್ತವೆ. ತಿರುಗುವ ಚಕ್ರಗಳು ಹಿಡಿಯಿರುವ ಬದಿಯಲ್ಲಿರಬೇಕು. ಆಗ ತಳ್ಳುವವರ ಹತೋಟಿಯಲ್ಲಿ ಗಾಡಿ ಇರುತ್ತದೆ. ನಾಲ್ಕೂ ಚಕ್ರಗಳು ತಿರುಗುವಂತಿದ್ದರೆ ಇಕ್ಕಟ್ಟಿನ ಜಾಗದಲ್ಲಿ ಅನುಕೂಲವಾದರೂ, ನೆಲ ತುಸು ಇಳಿಜಾರಾಗಿದ್ದರೆ ಗಾಡಿ ಅಡ್ಡಡ್ಡವಾಗಿ ಸರಿಯುತ್ತದೆ. ಎರಡು ಚಕ್ರಗಳಿಗಾದರೂ ಕಾಲಿನಿಂದ ಒತ್ತುವ ಬ್ರೇಕ್ ಇರಲೇಬೇಕು.

ಚಕ್ರ ದೊಡ್ಡದಾದಷ್ಟು ಹೊಸ್ತಿಲು, ಟೈಲ್ಸಿನ ಸಂದು, ಲಿಫ್ಟಿನ ಬಾಗಿಲಿನ ಬಿರುಕುಗಳನ್ನು ಸುಲಭವಾಗಿ ದಾಟುತ್ತದೆ. ಮನೆಯೊಳಗೆ 75 ಮಿಲಿಮೀಟರ್ ವ್ಯಾಸ ಸಾಕಾಗಬಹುದು. ವಾಹನ ನಿಲುಗಡೆಯ ಒರಟು ನೆಲಕ್ಕೆ 100 ಅಥವಾ 125 ಮಿಲಿಮೀಟರ್ ಬೇಕು. ಗಟ್ಟಿ ನೈಲಾನ್ ಚಕ್ರ ಹೆಚ್ಚು ಭಾರ ಹೊರುತ್ತದೆ, ಆದರೆ ಬಹಳ ಸದ್ದು ಮಾಡುತ್ತದೆ. ಕೆಳಮನೆಯವರ ಮಧ್ಯಾಹ್ನದ ನಿದ್ದೆಗೆ ಭಂಗ. ಟೈಲ್ಸಿನ ನೆಲಕ್ಕೆ ಪಾಲಿಯುರೆಥೇನ್ ಹೊದಿಕೆಯ ಚಕ್ರಗಳೇ ಉತ್ತಮ.

ಚಕ್ರ ಹೊರುವ ಭಾರವನ್ನು ಲೆಕ್ಕ ಹಾಕುವಾಗ ಒಟ್ಟು ತೂಕವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಬೇಕು. ಏಕೆಂದರೆ ಸಮತಟ್ಟಿಲ್ಲದ ನೆಲದಲ್ಲಿ ಒಂದು ಚಕ್ರ ನೆಲ ಬಿಟ್ಟು ಮೇಲೆದ್ದಿರುತ್ತದೆ. ಗಾಡಿ ಮತ್ತು ಸಲಕರಣೆ ಸೇರಿ 120 ಕಿಲೋ ಆದರೆ, ಪ್ರತಿ ಚಕ್ರವೂ 30 ಅಲ್ಲ, 40 ಕಿಲೋ ಹೊರುವಂತಿರಬೇಕು.

ಡ್ರಾಯರುಗಳು: ಡ್ರಾಯರನ್ನು ಪೂರ್ತಿ ಎಳೆದು ನೋಡಿ. ಬಾಲ್ ಬೇರಿಂಗ್ ಇರುವ ಹಳಿಗಳಾದರೆ ತುಂಬಿದ ಡ್ರಾಯರೂ ಎರಡು ಬೆರಳಿಗೆ ಬರುತ್ತದೆ. ಅಗ್ಗದ ಮಾದರಿಗಳಲ್ಲಿ ಡ್ರಾಯರು ಮುಕ್ಕಾಲು ಪಾಲು ಮಾತ್ರ ಹೊರಬರುತ್ತದೆ. ಹಿಂಬದಿಯಲ್ಲಿ ಇಟ್ಟದ್ದು ವರ್ಷಾನುಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ಗಾಡಿಯನ್ನು ತಳ್ಳುವಾಗ ಡ್ರಾಯರುಗಳು ತಾವಾಗಿ ತೆರೆದುಕೊಳ್ಳದಂತೆ ತಡೆಯಿರಬೇಕು. ಒಂದು ಡ್ರಾಯರು ತೆರೆದಿರುವಾಗ ಇನ್ನೊಂದನ್ನು ತೆರೆಯಗೊಡದ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ. ಸ್ವಲ್ಪ ಹೆಚ್ಚು ಹಣವಾದರೂ ಸರಿ, ಮಕ್ಕಳಿರುವ ಮನೆಗೆ ಅದನ್ನೇ ಆರಿಸಿಕೊಳ್ಳಬೇಕು. ಅದರ ಕಾರಣವನ್ನು ಮುಂದೆ ವಿವರಿಸಿದ್ದೇನೆ.

ಉರುಳಿ ಬೀಳುವ ಅಪಾಯ

ಭಾರವನ್ನು ಅಟ್ಟದಿಂದ ಇಳಿಸಿ ಚಕ್ರದ ಮೇಲಿಟ್ಟರೆ ಒಂದು ಅಪಾಯ ತಪ್ಪುತ್ತದೆ, ಇನ್ನೊಂದು ಹುಟ್ಟುತ್ತದೆ. ತುಂಬಿದ ಟ್ರಾಲಿ ಮುಂದಕ್ಕೆ ಮಗುಚಿಕೊಳ್ಳಬಲ್ಲದು. ಇದನ್ನು ಅಂಗಡಿಯವರು ಹೇಳುವುದಿಲ್ಲ. ತಕ್ಕಡಿಯ ತತ್ತ್ವದಿಂದ ನಾವೇ ಲೆಕ್ಕ ಮಾಡಿ ನೋಡಬಹುದು.

ಒಂದು ಸಣ್ಣ ಟ್ರಾಲಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬರಿಯ ಚೌಕಟ್ಟು 15 ಕಿಲೋ. ಮೂರು ಡ್ರಾಯರುಗಳು, ಸಲಕರಣೆ ಸೇರಿ ಒಂದೊಂದು 10 ಕಿಲೋ. ಒಟ್ಟು 45 ಕಿಲೋ. ಡ್ರಾಯರು ಮುಚ್ಚಿದ್ದಾಗ ಭಾರದ ಕೇಂದ್ರ ಮುಂದಿನ ಚಕ್ರಗಳ ಸಾಲಿನಿಂದ 20 ಸೆಂಟಿಮೀಟರ್ ಹಿಂದೆ ಇದೆಯೆಂದೂ, ಡ್ರಾಯರನ್ನು ಪೂರ್ತಿ ತೆರೆದಾಗ ಅದರ ಭಾರ ಆ ಸಾಲಿನಿಂದ 20 ಸೆಂಟಿಮೀಟರ್ ಮುಂದೆ ಬರುವುದೆಂದೂ ಇಟ್ಟುಕೊಳ್ಳೋಣ. ಹಿಂದಿನ ತೂಕವನ್ನು ದೂರದಿಂದ ಗುಣಿಸಿದಾಗ ಬರುವ ಮೊತ್ತ, ಮುಂದಿನ ಮೊತ್ತಕ್ಕಿಂತ ಹೆಚ್ಚಿರುವವರೆಗೆ ಗಾಡಿ ನಿಲ್ಲುತ್ತದೆ.

ಒಂದು ಡ್ರಾಯರು ತೆರೆದಾಗ: ಹಿಂದೆ 35 × 20 = 700, ಮುಂದೆ 10 × 20 = 200. ಗಾಡಿ ಸ್ಥಿರ.
ಎರಡು ತೆರೆದಾಗ: ಹಿಂದೆ 25 × 20 = 500, ಮುಂದೆ 20 × 20 = 400. ಹೇಗೋ ನಿಂತಿರುತ್ತದೆ.
ಮೂರೂ ತೆರೆದಾಗ: ಹಿಂದೆ 15 × 20 = 300, ಮುಂದೆ 30 × 20 = 600. ಗಾಡಿ ಮಗುಚುತ್ತದೆ.

ಇನ್ನು ಒಂದೇ ಡ್ರಾಯರು ತೆರೆದಿರುವಾಗ ಮನೆಯ ಮಗುವೊಂದು ಅದರ ಅಂಚನ್ನು ಹಿಡಿದು ಜೋತು ಬಿದ್ದಿತೆಂದು ಭಾವಿಸಿ. ಮಗುವಿನ ತೂಕ 15 ಕಿಲೋ, ಅಂಚಿನ ದೂರ 40 ಸೆಂಟಿಮೀಟರ್. 15 × 40 = 600. ಅದಕ್ಕೆ ಡ್ರಾಯರಿನ 200 ಸೇರಿದರೆ 800. ಹಿಂದಿರುವುದು 700 ಮಾತ್ರ. 45 ಕಿಲೋ ಕಬ್ಬಿಣ ಮಗುವಿನ ಮೇಲೆ ಬೀಳುತ್ತದೆ.

ಆದುದರಿಂದ ಈ ನಾಲ್ಕು ನಿಯಮಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ಭಾರವಾದುದು ತಳದ ಡ್ರಾಯರಿನಲ್ಲಿರಲಿ, ಆದರೆ ಒಂದೇ ಡ್ರಾಯರಿನಲ್ಲಿ ಮಿತಿಮೀರಿ ತುಂಬುವುದು ಬೇಡ. ಒಮ್ಮೆಗೆ ಒಂದೇ ಡ್ರಾಯರು ತೆರೆಯಿರಿ. ಕೆಲಸ ಮುಗಿದೊಡನೆ ಬ್ರೇಕ್ ಹಾಕಿ, ಬೀಗ ಹಾಕಿ, ಕೀಲಿಕೈಯನ್ನು ಬೇರೆಡೆ ಇಡಿ. ಗಾಡಿಯನ್ನು ಎಳೆಯಬೇಡಿ, ತಳ್ಳಿರಿ. ಎಳೆಯುವಾಗ ಅದು ನಿಮ್ಮ ಹಿಮ್ಮಡಿಗೆ ಬಡಿಯಬಹುದು ಅಥವಾ ಮೈಮೇಲೆ ವಾಲಬಹುದು.

ಜೋಡಣೆಯ ಕ್ರಮ

ಅನೇಕರು ಮೊದಲು ಟ್ರಾಲಿ ಕೊಂಡು ಆಮೇಲೆ ಅದನ್ನು ತುಂಬುತ್ತಾರೆ. ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ಜಪಾನಿನ ಕಾರ್ಖಾನೆಗಳಲ್ಲಿ ರೂಢಿಗೆ ಬಂದು, ಇಂದು ಲೋಕವೆಲ್ಲ ಬಲ್ಲ ‘ಫೈವ್ ಎಸ್’ ಪದ್ಧತಿ ಇದನ್ನು ಐದು ಪದಗಳಲ್ಲಿ ಹೇಳುತ್ತದೆ: ಸೇರಿ (ಬೇಕಾದುದನ್ನೂ ಬೇಡವಾದುದನ್ನೂ ವಿಂಗಡಿಸು), ಸೇಟೊನ್ (ಓರಣವಾಗಿ ಇಡು), ಸೇಸೊ (ಶುಚಿಗೊಳಿಸು), ಸೇಕೆತ್ಸು (ಕ್ರಮವನ್ನು ನಿಯಮವಾಗಿಸು), ಶಿತ್ಸುಕೆ (ಶಿಸ್ತಾಗಿ ಉಳಿಸಿಕೊ). ನಮ್ಮ ಕರ್ನಾಟಕದ ಬಿಡದಿಯಲ್ಲಿ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆ ಈ ಜಪಾನೀ ಪರಂಪರೆಯ ಕುಡಿ. ವಿಂಗಡಣೆ ಮೊದಲು, ಓರಣ ಅನಂತರ ಎಂಬುದು ಇಲ್ಲಿನ ಮುಖ್ಯ ಪಾಠ.

ಮನೆಯ ಸಲಕರಣೆಗಳನ್ನೆಲ್ಲ ಒಂದು ಹಳೆಯ ಚಾಪೆಯ ಮೇಲೆ ಹರಡಿ. ಮೂರು ರಾಶಿ ಮಾಡಿ: ಕಳೆದ ವರ್ಷದಲ್ಲಿ ಬಳಸಿದವು, ಬಳಸದಿದ್ದರೂ ಆಪತ್ತಿಗೆ ಬೇಕಾಗುವವು, ಮುರಿದವು ಅಥವಾ ಎರಡೆರಡಿರುವವು. ನಮ್ಮ ಮನೆಯ ಪೆಟ್ಟಿಗೆಯಿಂದ ಏಳು ಸ್ಕ್ರೂ ಡ್ರೈವರುಗಳು ಹೊರಬಂದವು. ಅವುಗಳಲ್ಲಿ ನಾಲ್ಕರ ತುದಿ ಸವೆದು ಹೋಗಿತ್ತು. ಸವೆದ ಸ್ಕ್ರೂ ಡ್ರೈವರು ಜಾರಿ ಅಂಗೈಗೆ ಚುಚ್ಚುತ್ತದೆ. ಅದನ್ನು ಇಟ್ಟುಕೊಳ್ಳುವುದು ಉಳಿತಾಯವಲ್ಲ.

ಉಳಿದವುಗಳನ್ನು ಕೆಲಸಕ್ಕೆ ಅನುಸಾರವಾಗಿ ಗುಂಪು ಮಾಡಿ. ಮೇಲಿನ ತಟ್ಟೆ ಖಾಲಿ ಇರಲಿ, ಅದು ಅಂದಿನ ಕೆಲಸಕ್ಕೆ ಮೀಸಲು. ಮೊದಲ ಡ್ರಾಯರಿನಲ್ಲಿ ಟೆಸ್ಟರ್, ಸ್ಕ್ರೂ ಡ್ರೈವರುಗಳು, ಅಳತೆಯ ಟೇಪು, ಇನ್ಸುಲೇಷನ್ ಟೇಪು. ಎರಡನೆಯದರಲ್ಲಿ ಇಕ್ಕಳಗಳು, ಪಾನಾಗಳು. ಮೂರನೆಯದರಲ್ಲಿ ಉಳಿ, ಅರ, ಗರಗಸ. ಇವುಗಳ ಹರಿತವಾದ ಬಾಯಿಗೆ ಹೊದಿಕೆ ಇರಲಿ. ತಳದಲ್ಲಿ ಸುತ್ತಿಗೆ ಮತ್ತು ಡ್ರಿಲ್ಲಿಂಗ್ ಯಂತ್ರ. ಮೊಳೆ, ಸ್ಕ್ರೂ, ವಾಷರುಗಳನ್ನು ಮುಚ್ಚಳವಿರುವ ಪಾರದರ್ಶಕ ಡಬ್ಬಿಗಳಲ್ಲಿ ಹಾಕಿಡಬೇಕು.

ಡ್ರಾಯರಿನೊಳಗೆ ಎರಡು ಬಣ್ಣದ ಫೋಮ್ ಹಾಳೆಗಳನ್ನು ಒಂದರ ಮೇಲೊಂದು ಹಾಸಿ, ಮೇಲಿನ ಕಪ್ಪು ಹಾಳೆಯಲ್ಲಿ ಸಲಕರಣೆಯ ಆಕಾರವನ್ನೇ ಕತ್ತರಿಸಿದರೆ, ಅದನ್ನು ಎತ್ತಿದೊಡನೆ ಕೆಳಗಿನ ಕೆಂಪು ಬಣ್ಣ ಕಾಣುತ್ತದೆ. ಯಾವುದು ಹಿಂದಿರುಗಿಲ್ಲವೆಂದು ಹುಡುಕದೆಯೇ ಒಂದೇ ನೋಟಕ್ಕೆ ತಿಳಿಯುತ್ತದೆ. ವಿಮಾನಗಳ ದುರಸ್ತಿ ಕೇಂದ್ರಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮ.

ಬ್ಯಾಂಕಿನಲ್ಲಿ ದುಡಿಯುವ ನನಗೆ ಇದರ ಅರ್ಥ ಬೇಗನೆ ಹೊಳೆಯಿತು. ಸಂಜೆ ಕ್ಯಾಶ್ ತಾಳೆಯಾಗದೆ ನಾವು ಮನೆಗೆ ಹೋಗುವಂತಿಲ್ಲ. ಹತ್ತು ರೂಪಾಯಿ ಕಡಿಮೆಯಾದರೂ ಮತ್ತೆ ಮೊದಲಿನಿಂದ ಎಣಿಕೆ. ಅಂತೆಯೇ ಸಲಕರಣೆಗಳ ಲೆಕ್ಕ ತಾಳೆಯಾಗದೆ ವಿಮಾನ ಹಾರುವಂತಿಲ್ಲ. ಈ ತಾಳೆ ತಪ್ಪಿದ ಪ್ರಕರಣವೊಂದು ಆಸ್ಟ್ರೇಲಿಯದ ಸಾರಿಗೆ ಸುರಕ್ಷತಾ ಮಂಡಳಿ 2024ರ ನವೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿದೆ. 2023ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ವಾಂಟಾಸ್ ಸಂಸ್ಥೆಯ ಏರ್‌ಬಸ್ ಎ380 ವಿಮಾನದ ತಪಾಸಣೆ ನಡೆದಾಗ, 1.25 ಮೀಟರ್ ಉದ್ದದ ನೈಲಾನ್ ಸಲಕರಣೆಯೊಂದು ಇಂಜಿನ್ನಿನೊಳಗೇ ಉಳಿದುಹೋಯಿತು. 2024ರ ಜನವರಿ 1ರಂದು ಅದು ಪತ್ತೆಯಾಗುವ ವೇಳೆಗೆ ಆ ವಿಮಾನ 34 ಬಾರಿ, ಒಟ್ಟು ಸುಮಾರು 294 ಗಂಟೆ ಹಾರಾಡಿತ್ತು. ಕಳೆದ ಸಲಕರಣೆಯನ್ನು ಹುಡುಕುವ ವಿಧಿಯನ್ನು ಆರಂಭಿಸದೆಯೇ ವಿಮಾನಕ್ಕೆ ಹಾರಾಟದ ಅನುಮತಿ ದೊರೆತಿತ್ತೆಂದು ವರದಿ ಹೇಳುತ್ತದೆ. ಖಾಲಿ ಸ್ಥಳ ಎಚ್ಚರಿಸಬಲ್ಲದು, ಆದರೆ ಕೆಲಸ ಮುಗಿಸುವ ಮುನ್ನ ಯಾರಾದರೊಬ್ಬರು ಅದನ್ನು ನೋಡಬೇಕು. ಮನೆಯಲ್ಲಿಯೂ ಫ್ಯಾನಿನ ಮೇಲೆ ಮರೆತ ಇಕ್ಕಳ, ಮಿಕ್ಸರಿನ ಬಳಿ ಮರೆತ ಸ್ಕ್ರೂ ಡ್ರೈವರುಗಳ ಕಥೆ ಇದೇ.

ಇನ್ನೊಂದು ಸಲಹೆ. ಪ್ರತಿಯೊಂದು ಡ್ರಾಯರಿನ ಮೇಲೆ ಒಳಗಿರುವುದರ ಹೆಸರನ್ನು ಬರೆದು ಅಂಟಿಸುವಾಗ ಕನ್ನಡದಲ್ಲಿ ಬರೆಯಿರಿ. ಇಕ್ಕಳ, ಉಳಿ, ಅರ, ಬೈರಿಗೆ, ರಸಮಟ್ಟ, ಮೂಲೆಮಟ್ಟ ಮೊದಲಾದ ಪದಗಳು ಹೊರನಾಡಿನ ನಮ್ಮ ಮಕ್ಕಳ ಕಿವಿಗೆ ಬೀಳುವ ಸಂದರ್ಭಗಳೇ ಅಪರೂಪ. ವಸ್ತುವನ್ನು ಕೈಯಲ್ಲಿ ಹಿಡಿದು ಕಲಿತ ಪದ ಮರೆಯುವುದಿಲ್ಲ.

ಮಳೆಗಾಲ, ತುಕ್ಕು ಮತ್ತು ಬೆಂಕಿ

ಮುಂಬಯಿ, ಚೆನ್ನೈಯಂತಹ ಕಡಲ ತೀರದ ನಗರಗಳಲ್ಲಿ ಕಬ್ಬಿಣದ ಮೊದಲ ಶತ್ರು ಉಪ್ಪು ಬೆರೆತ ತೇವದ ಗಾಳಿ. ಟ್ರಾಲಿಯ ಹೊರಮೈಗೆ ಪೌಡರ್ ಕೋಟಿಂಗ್ ಇರಬೇಕು. ಬಣ್ಣ ಕಿತ್ತುಹೋದೆಡೆ ತುಕ್ಕು ಹಿಡಿಯುವ ಮೊದಲೇ ಬಣ್ಣ ಬಳಿಯಬೇಕು. ಡ್ರಾಯರುಗಳಿಗೆ ಬಟ್ಟೆಯನ್ನಾಗಲಿ ವೃತ್ತಪತ್ರಿಕೆಯನ್ನಾಗಲಿ ಹಾಸಬಾರದು. ಅವು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ರಬ್ಬರಿನ ಅಥವಾ ಫೋಮಿನ ಹಾಳೆ ಒಳ್ಳೆಯದು. ಜೂನ್ ಬರುವ ಮುನ್ನ ಎಲ್ಲ ಸಲಕರಣೆಗಳನ್ನು ಒರೆಸಿ, ತೆಳುವಾಗಿ ಯಂತ್ರದ ಎಣ್ಣೆ ಸವರಿ, ಪ್ರತಿ ಡ್ರಾಯರಿನಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಇಟ್ಟರೆ ಮಳೆಗಾಲವನ್ನು ದಾಟಬಹುದು. ಚಕ್ರಗಳ ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರಗಳನ್ನು ಆಗಾಗ ಬಿಡಿಸುತ್ತಿರಬೇಕು.

ಬೆಂಕಿಯ ವಿಷಯದಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ತಂತಿಯಿಲ್ಲದ ಡ್ರಿಲ್ಲುಗಳ ಲಿಥಿಯಂ ಬ್ಯಾಟರಿಗಳನ್ನು ಮುಚ್ಚಿದ ಡ್ರಾಯರಿನೊಳಗೆ ಚಾರ್ಜ್ ಮಾಡಬಾರದು; ಮೊಳೆ, ತಂತಿಗಳೊಡನೆ ಸಡಿಲವಾಗಿ ಇಡಲೂಬಾರದು, ಏಕೆಂದರೆ ಲೋಹದ ತುಂಡು ಎರಡು ತುದಿಗಳನ್ನು ಮುಟ್ಟಿದರೆ ಕಿಡಿ ಹಾರುತ್ತದೆ. ಪೆಟ್ರೋಲು, ಥಿನ್ನರುಗಳನ್ನು ಟ್ರಾಲಿಯಲ್ಲಿ ಇಡಲೇಬಾರದು. ಮರಕ್ಕೆ ಅಗಸೆ ಎಣ್ಣೆ ಬಳಿದ ಬಟ್ಟೆಯ ಚೂರುಗಳನ್ನು ಮುದ್ದೆ ಮಾಡಿ ಒಳಗೆ ತುರುಕಬಾರದು. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಶಾಖ ಸೇರಿ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅಂತಹ ಬಟ್ಟೆಯನ್ನು ಬಿಡಿಸಿ, ಬಯಲಿನಲ್ಲಿ ಹರಡಿ ಒಣಗಿಸಿ ಎಸೆಯಬೇಕು.

ಫ್ಲ್ಯಾಟಿನಲ್ಲಿ ಸ್ಥಳವೆಲ್ಲಿ?

ಹೌಸಿಂಗ್ ಸೊಸೈಟಿಯ ಮೆಟ್ಟಿಲ ಬಳಿ, ಲಿಫ್ಟಿನ ಎದುರು ಅಥವಾ ಸಾಮಾನ್ಯ ಓಣಿಯಲ್ಲಿ ಟ್ರಾಲಿ ನಿಲ್ಲಿಸುವುದು ನೆರೆಯವರಿಗೆ ಅಡ್ಡಿ. ಬೆಂಕಿ ಬಿದ್ದಾಗ ಓಡುವ ದಾರಿಗೂ ಅಡ್ಡಿ. ಕಾರಿನ ನಿಲುಗಡೆಯಲ್ಲಿ ಇಡುವುದಾದರೆ ಮೊದಲು ಸೊಸೈಟಿಯ ಕಾರ್ಯದರ್ಶಿಯವರ ಲಿಖಿತ ಅನುಮತಿ ಪಡೆಯುವುದು ಲೇಸು. ಬಾಲ್ಕನಿಯಲ್ಲಿಟ್ಟರೆ ಮಳೆಯ ಎರಚಲು ತಗಲುತ್ತದೆ. ಹೆಚ್ಚಿನ ಮನೆಗಳಲ್ಲಿ ಹೊಗೆಗೂಡಿನಷ್ಟು ಇಕ್ಕಟ್ಟಾದ ಯಾವುದಾದರೊಂದು ಮೂಲೆ ಇದ್ದೇ ಇರುತ್ತದೆ. ಅಲ್ಲಿಗೆ 40 ಸೆಂಟಿಮೀಟರ್ ಅಗಲದ, ಸೊಂಟದೆತ್ತರದ ಚಿಕ್ಕ ಟ್ರಾಲಿ ಸಾಕು. ಕೊಳ್ಳುವ ಮುನ್ನ ಮೂಲೆಯನ್ನಷ್ಟೇ ಅಲ್ಲ, ದಾರಿಯಲ್ಲಿರುವ ಬಾಗಿಲುಗಳ ಅಗಲವನ್ನೂ ಹೊಸ್ತಿಲುಗಳ ಎತ್ತರವನ್ನೂ ಅಳೆದು ಬರೆದುಕೊಳ್ಳಿ. ಡ್ರಾಯರು ಪೂರ್ತಿ ತೆರೆಯಲು ಮುಂದೆ ಜಾಗವಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಮುಂಬಯಿಯ ನಾಗದೇವಿ ಬೀದಿ, ಪುಣೆಯ ಬೋಹ್ರಿ ಆಳಿ, ಸಿಕಂದರಾಬಾದಿನ ರಾಣಿಗಂಜ್, ಚೆನ್ನೈಯ ಜಾರ್ಜ್ ಟೌನ್, ದೆಹಲಿಯ ಚಾವಡಿ ಬಜಾರ್, ಬೆಂಗಳೂರಿನ ಎಸ್.ಪಿ. ರಸ್ತೆ ಹಾರ್ಡ್‌ವೇರ್ ಮತ್ತು ಸಲಕರಣೆಗಳ ವ್ಯಾಪಾರಕ್ಕೆ ಹೆಸರಾದ ಪೇಟೆಗಳು. ಈಗ ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ತರಿಸುವ ಸೌಲಭ್ಯವೂ ಇದೆ. ಆದರೂ ಚಕ್ರ ಮತ್ತು ಡ್ರಾಯರುಗಳನ್ನು ಕೈಯಾರೆ ಪರೀಕ್ಷಿಸುವುದು ಅಂಗಡಿಯಲ್ಲಿ ಮಾತ್ರ ಸಾಧ್ಯ.

ವರ್ಷಕ್ಕೊಮ್ಮೆ ಲೆಕ್ಕ

ಸಲಕರಣೆಗಳನ್ನು ತೊಳೆದು, ಒರೆಸಿ, ಗಂಧ ಕುಂಕುಮವಿಟ್ಟು ಪೂಜಿಸುವ ಆಯುಧಪೂಜೆಯ ಸಂಪ್ರದಾಯ ನಮ್ಮಲ್ಲಿದೆ. ಅಂದು ಪೂಜೆಗೆ ಮುನ್ನ ಪ್ರತಿ ಡ್ರಾಯರನ್ನೂ ಬರಿದು ಮಾಡಿ, ಪಟ್ಟಿಯೊಡನೆ ತಾಳೆ ನೋಡಿ, ಸವೆದುದನ್ನು ತೆಗೆದು, ಚಕ್ರಗಳಿಗೆ ಗ್ರೀಸ್ ಹಾಕಿದರೆ ವರ್ಷದ ಲೆಕ್ಕ ಮುಗಿದಂತೆ.

ನಮ್ಮ ಮನೆಯಲ್ಲಿ ಕಳೆದ ಮಹಾನವಮಿಯಂದು ಈ ಕೆಲಸವನ್ನು ಮಾವನವರೇ ಮಾಡಿದರು. ಈಗ ಅವರು ಊರುಗೋಲು ಹಿಡಿದು ನಡೆಯುತ್ತಾರೆ, ಸ್ಟೂಲು ಹತ್ತುವ ಮಾತಿಲ್ಲ. ಕುರ್ಚಿಯ ಮೇಲೆ ಕುಳಿತು, ಟ್ರಾಲಿಯನ್ನು ತಮ್ಮ ಮೊಣಕಾಲಿನ ಬಳಿಗೆ ಎಳೆಸಿಕೊಂಡು, ಒಂದೊಂದನ್ನೇ ಹೆಸರಿಸುತ್ತ ಮೊಮ್ಮಗನ ಕೈಗೆ ಕೊಟ್ಟರು. ಅವನು ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದ. ಕೊನೆಗೆ ಒಂದು ಕೆಂಪು ಜಾಗ ಉಳಿಯಿತು. 10-11ರ ಪಾನಾ ಇರಲಿಲ್ಲ. ಅದು ಹುಡುಗನ ಸೈಕಲ್ಲಿನ ಸೀಟಿನ ಕೆಳಗೆ ಸಿಕ್ಕಿತು. ಅದನ್ನು ತಂದು ಸ್ವಸ್ಥಾನದಲ್ಲಿ ಇರಿಸಿದ ಮೇಲೆಯೇ ಮಾವನವರು ಆರತಿಗೆ ಒಪ್ಪಿದರು.

ನಮ್ಮ ಹಿರಿಯರ ಕೈಯಲ್ಲಿ ಪಳಗಿದ ಸಲಕರಣೆಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಇಂದಿಗೂ ಇವೆ. ಈ ಲೇಖನವನ್ನು ಓದಿದ ಬಳಿಕ, ಟ್ರಾಲಿ ಕೊಳ್ಳಿರಿ ಬಿಡಿ, ಅವನ್ನಂತೂ ಕೆಳಗೆ ಇಳಿಸಿಡಿ. ಇಳಿಸುವವರು ಮನೆಯ ಹಿರಿಯರಾಗಿರದೆ ನೀವೇ ಆಗಿರಿ ಎಂಬುದಷ್ಟೇ ವಿನಂತಿ.